ದ್ವಾರಕೆಯ ಹುಂಡಿ, ಸಚಿನ್ನಿನ ಹುಂಡಿ



ಹುಂಡಿ ಎಂದೊಡನೆ ನಮ್ಮ ಕನ್ನಡಿಗರಿಗೆ ದೇವರ ಮುಂದಣ ಕಾಣಿಕೆಯ ಪೆಟ್ಟಿಗೆ ನೆನಪಾಗುತ್ತದೆ. ನಾವೀಗ ನೆಲೆಸಿರುವ ಸೂರತ್ತಿನ ಸೀಮೆಯಲ್ಲಾದರೋ ಅದು ವರ್ತಕರ ಕಾಗದ. ಮೊಗಲರ ಕಾಲದಲ್ಲಿ ಈ ರೇವುಪಟ್ಟಣದ ಸರಾಫರು ಬರೆದ ಚೀಟಿಯನ್ನು ದೂರದ ಊರಿನಲ್ಲಿ ತೋರಿಸಿದರೆ ಅಲ್ಲಿಯ ಸಾಹುಕಾರನು ಹಣವನ್ನು ಎಣಿಸಿಕೊಡುತ್ತಿದ್ದನು. ಕಂಡೊಡನೆ ಸಲ್ಲತಕ್ಕದ್ದು ದರ್ಶನಿ ಹುಂಡಿ, ಅವಧಿ ಕಳೆದ ಬಳಿಕ ಸಲ್ಲತಕ್ಕದ್ದು ಮುದ್ದತಿ ಹುಂಡಿ. ಆದುದರಿಂದ ಕೈಯಲ್ಲಿ ನಗದಿಲ್ಲದ ವ್ಯವಹಾರವು 2016ರ ಏಪ್ರಿಲಿನಲ್ಲಿ ಯುಪಿಐ ಬಂದ ಮೇಲೆ, ಅಥವಾ ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದ ಮೇಲೆ ಹುಟ್ಟಿತೆಂದು ಭಾವಿಸಲಾಗದು.

ಗುಜರಾತಿನ ಭಕ್ತರಿಗೆ ಹುಂಡಿಯೆಂದರೆ ಜುನಾಗಢದ ನರಸಿಂಹ ಮೆಹತಾ. 17ನೆಯ ಶತಮಾನದಲ್ಲಿ ವಡೋದರೆಯ ಪ್ರೇಮಾನಂದ ಕವಿಯು ಈ ಕಥೆಯನ್ನು ಹಾಡಿದ್ದಾನೆ. ದ್ವಾರಕೆಗೆ ಹೊರಟ ಯಾತ್ರಿಕರು ದಾರಿಗಳ್ಳರ ಭಯದಿಂದ 700 ರೂಪಾಯಿಗಳಿಗೆ ಹುಂಡಿ ಬರೆಸಲು ಸಾಹುಕಾರನನ್ನು ಅರಸಿದಾಗ, ಕುಚೋದ್ಯದ ಜನರು ಈ ನಿರ್ಧನನ ಮನೆಯನ್ನು ತೋರಿಸಿದರು. ಮೆಹತಾ ಹಿಂಜರಿಯದೆ ದ್ವಾರಕೆಯ ಶಾಮಳಶಾ ಶೇಠನ ಹೆಸರಿಗೆ ಬರೆದುಕೊಟ್ಟನು. ಬಂದ ಹಣ ಸಾಧುಸೇವೆಗೆ ವಿನಿಯೋಗವಾಯಿತು. ಅಂಥ ಶೇಠನು ದ್ವಾರಕೆಯಲ್ಲೆಲ್ಲಿಯೂ ಇರಲಿಲ್ಲ. ಶ್ಯಾಮಲವರ್ಣನಾದ ಶ್ರೀಕೃಷ್ಣನೇ ವರ್ತಕವೇಷದಿಂದ ಬಂದು ಹಣ ತೆತ್ತನು. ಬರೆದವನಲ್ಲಿ ಕಾಸಿರಲಿಲ್ಲ, ಮನ್ನಿಸುವವನಿದ್ದನು. ಅದೇ ದ್ವಾರಕೆಯಿಂದ ಗೋಪೀಚಂದನದ ಹೆಂಟೆಯಲ್ಲಿ ಅಡಗಿ ಬಂದವನಲ್ಲವೇ ಶ್ರೀಮದಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ನಮ್ಮ ಕೃಷ್ಣ!

ಇಷ್ಟನ್ನು ಬಲ್ಲ ನಾವೇ ಎಡವಿದೆವು.

ಸಚಿನ್ನಿನ ಕೈಗಾರಿಕಾ ವಸಾಹತಿನ ನೇಯ್ಗೆ ಮತ್ತು ಬಣ್ಣದ ಕಾರ್ಖಾನೆಗಳನ್ನು ನಂಬಿ ಬಂದ ಕೆಲವು ಕನ್ನಡ ಕುಟುಂಬಗಳು ಸೇರಿ ಶ್ರೀ ಗುರುರಾಯರ ಆರಾಧನೆಯನ್ನು ನಡೆಸುತ್ತೇವೆ. ಕಾಣಿಕೆಯ ಪೆಟ್ಟಿಗೆಯನ್ನು ತೆಗೆದು ಕ್ಯೂಆರ್ ಹಲಗೆಯನ್ನು ಮಾತ್ರ ಇಡಬೇಕೆಂದು ಹಟ ಹಿಡಿದವರು ನಾವು. ನಿಲ್ದಾಣದ ದಿನದ ಗಳಿಕೆಯನ್ನು ಚರ್ಮದ ಚೀಲಕ್ಕೆ ತುಂಬಿ, ಮೊಹರು ಮಾಡಿ, ಗಾರ್ಡಿನ ವಶದಲ್ಲಿದ್ದ ಕಬ್ಬಿಣದ ತಿಜೋರಿಗೆ ಹಾಕಿ ಕ್ಯಾಷ್ ಆಫೀಸಿಗೆ ಕಳುಹಿಸುತ್ತಿದ್ದ ರೈಲ್ವೆಯ ಕಾಲವನ್ನು ಕಂಡವರಿಗೆ, ಒಂದು ಪೈಸೆಯೂ ಸೋರದ ಲೆಕ್ಕವೆಂದರೆ ಎಷ್ಟು ಹಿತವೆಂಬುದನ್ನು ಹೇಳಬೇಕಾಗಿಲ್ಲ. ದೇವಸ್ವದ ವಿಷಯದಲ್ಲಿ ಲೆಕ್ಕಶುದ್ಧಿಯು ಅಲ್ಪವೂ ಅಲ್ಲ.

ಮಧ್ಯಾರಾಧನೆಯ ದಿನ ಮಂಗಳಾರತಿಯ ನಡುವೆ ಹಲಗೆಯ ಪಕ್ಕದ ಧ್ವನಿಪೆಟ್ಟಿಗೆಯು ಯಾರು ಎಷ್ಟು ಹಾಕಿದರೂ ಆ ಮೊತ್ತವನ್ನು ಹಿಂದಿಯಲ್ಲಿ ಕೂಗತೊಡಗಿತು. 501 ಎಂದಾಗ ಕೆಲವರು ತಿರುಗಿ ನೋಡಿದರು. 1,001 ಎಂದಾಗ ಎಲ್ಲರೂ ನೋಡಿದರು. ಗುಪ್ತದಾನದ ಗತಿ ಹೀಗಾಯಿತು. ಅಷ್ಟರಲ್ಲಿ ರಾಯಚೂರಿನ ಕಡೆಯ ವೃದ್ಧೆಯೊಬ್ಬರು ಸೆರಗಿನ ಗಂಟನ್ನು ಬಿಚ್ಚಿ, "ಈ ಹತ್ತು ರೂಪಾಯಿ ಎಲ್ಲಿ ಹಾಕ್ಲೆಪ್ಪಾ?" ಎಂದು ಕೇಳಿದರು. "ಇಲ್ಲಿ ನಗದು ಇಲ್ಲ ಅಜ್ಜಿ, ಫೋನಿನಿಂದ ಹಾಕಬೇಕು" ಎಂದನು ಸ್ವಯಂಸೇವಕ ಹುಡುಗ. ಅವನದೇನು ತಪ್ಪು, ನಾವು ಕಲಿಸಿದ್ದನ್ನೇ ಹೇಳಿದನು. ಆಕೆ ನೋಟನ್ನು ಮತ್ತೆ ಗಂಟು ಹಾಕಿಕೊಂಡು, ದೂರದಿಂದಲೇ ಕೈಮುಗಿದು ಹೊರಟುಹೋದರು.

ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು, ಆದರವಿಲ್ಲದೆ, ತಿರಸ್ಕಾರದಿಂದ ಕೊಟ್ಟ ದಾನವನ್ನು ತಾಮಸವೆಂದಿದ್ದಾನೆ. ಕೊಡಲು ಬಂದವರನ್ನೇ ಆದರಿಸದೆ ಹಿಂದಿರುಗಿಸಿದ ನಮ್ಮ ಕಾರ್ಯವನ್ನು ಯಾವ ಗುಣದಲ್ಲಿ ಎಣಿಸಬೇಕು? ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಉತ್ತರಾರಾಧನೆಯ ಬೆಳಗ್ಗೆ ಹಳೆಯ ಪೆಟ್ಟಿಗೆಯನ್ನು ಒರೆಸಿ ಹಲಗೆಯ ಪಕ್ಕದಲ್ಲಿಯೇ ಇರಿಸಿದೆವು. ಇಬ್ಬರು ಹಿರಿಯರ ಎದುರಿನಲ್ಲಿ ಎಣಿಸಿ ಪುಸ್ತಕಕ್ಕೆ ರುಜು ಹಾಕುವುದೆಂದಾಯಿತು. ಧ್ವನಿಪೆಟ್ಟಿಗೆಯನ್ನು ಆರಿಸಿಬಿಟ್ಟೆವು. ಆ ತಾಯಿ ಅಂದು ಬರಲಿಲ್ಲ. ಅವರ ವಾಸ ಎಲ್ಲಿಯೆಂದು ಹಿಂದಿನ ದಿನ ನಾವು ಯಾರೂ ವಿಚಾರಿಸಿರಲಿಲ್ಲ.