ಚಾರ್ಟ್ ಕಳಿಸಿದ ಮಗ

2024ರಲ್ಲಿ ಆನ್‌ಲೈನ್‌ ನ್ಯೂಟ್ರಿಷನ್ ಡಿಗ್ರಿಗೆ ಸೇರಿಕೊಂಡೆ. ಬಿಇ ಮಾಡಿ ಹತ್ತು ವರ್ಷ ಕೋಡ್ ಬರೆದವನಿಗೆ ಇದೇನು ಹುಚ್ಚು ಅಂತ ಟೀಮಿನವರು ನಕ್ಕರು. ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಹೋದವರು, ಅಮ್ಮನಿಗೂ ಅದು ಶುರುವಾಗಿತ್ತು. ಅದಕ್ಕೇ ಸೇರಿದ್ದು.

ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲೇ ಸೊರಬದ ಹತ್ತಿರದ ನಮ್ಮೂರಿಗೆ, ಅಮ್ಮನ ವಾಟ್ಸಾಪಿಗೆ, ಒಂದು ಡಯಟ್ ಚಾರ್ಟ್ ಕಳಿಸಿದೆ. ಅನ್ನ ಅರ್ಧ. ಉಪ್ಪಿನಕಾಯಿ ಬೇಡ. ಪ್ರೋಟೀನು ದೇಹದ ತೂಕದ ಕೆಜಿಗೆ 0.83 ಗ್ರಾಂ (ಐಸಿಎಂಆರ್ ಲೆಕ್ಕ, ನನ್ನದಲ್ಲ). ಅದನ್ನು ತುಂಬಿಸೋಕೆ ಪನೀರು, ಗ್ರೀಕ್ ಯೋಗರ್ಟ್. ಹೌದು, ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿಕೊಂಡವಳಿಗೆ ಗ್ರೀಕ್ ಯೋಗರ್ಟ್.

ಎರಡು ತಿಂಗಳಾದ ಮೇಲೆ ಊರಿಗೆ ಹೋದರೆ ಅಮ್ಮನ ಬಳೆ ಮೊಣಕೈತನಕ ಜಾರುತ್ತಿತ್ತು. ಕೊಟ್ಟಿಗೆಯಲ್ಲಿ ಎರಡು ಸಲ ತಲೆ ತಿರುಗಿ ಕೂತುಬಿಟ್ಟಿದ್ದಳಂತೆ. ಅನ್ನ ಅರ್ಧ ಮಾಡಿದ್ದಳು, ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದಳು. ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಊಟ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಇದು ನನ್ನ ಪಾಠದಲ್ಲಿತ್ತು. ಪರೀಕ್ಷೆಯಲ್ಲಿ ಸರಿಯಾಗೇ ಬರೆದಿದ್ದೆ. ಅಮ್ಮ ಯಾವ ಮಾತ್ರೆ ತಗೊಳ್ತಾಳೆ ಅಂತ ಕೇಳಿರಲಿಲ್ಲ, ಅಷ್ಟೇ.

"ತಲೆ ತಿರುಗಿದ್ದು ಯಾಕಮ್ಮ ಹೇಳ್ಲಿಲ್ಲ?"

"ಓದಿದೋನು ನೀನು. ಹಿಂಗೇ ಆಗ್ಬೇಕೇನೋ ಅನ್ಕಂಡೆ."

ಗೊತ್ತಿಲ್ಲದೆ ಮಾಡಿದ ತಪ್ಪಾದರೆ ಇನ್ನಷ್ಟು ಓದಿ ತಿದ್ದಿಕೊಳ್ಳಬಹುದು. ನನಗೆ ಗೊತ್ತಿತ್ತು. ನನ್ನ ಓದು ಅಮ್ಮನಿಗೆ ತನ್ನ ಮೈ ಹೇಳಿದ್ದನ್ನೇ ನಂಬದ ಹಾಗೆ ಮಾಡಿತ್ತು. ಇನ್ನೊಬ್ಬರ ತಟ್ಟೆಗೆ ಕೈ ಹಾಕುವ ಹಕ್ಕು ಯಾವಾಗ ಬರುತ್ತೆ?

ಆಮೇಲೆ 2025ರಲ್ಲಿ ಯುಜಿಸಿ, ಜುಲೈ-ಆಗಸ್ಟ್ ಅವಧಿಯಿಂದ ಪೋಷಣ ವಿಜ್ಞಾನ, ಸೈಕಾಲಜಿಯಂಥ ಕೋರ್ಸುಗಳನ್ನು ಆನ್‌ಲೈನ್, ದೂರಶಿಕ್ಷಣದಲ್ಲಿ ನಡೆಸಬಾರದು ಅಂದಿತು. ನಮ್ಮ ಬ್ಯಾಚಿನ ಗ್ರೂಪಲ್ಲಿ ಬೈಗುಳವೋ ಬೈಗುಳ. ಕೆಲಸ ಬಿಡಲಾಗದವರು, ಮದುವೆಯಾಗಿ ಸೊರಬದಂಥ ಊರಲ್ಲೇ ಉಳಿದ ಹುಡುಗಿಯರು ಏನು ಮಾಡಬೇಕು? ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಬಳೆ ನೋಡಿದ ಮೇಲೆ ನನಗೆ ಅಲ್ಲಿ ಬರೆಯೋಕೆ ಕೈ ಬರಲಿಲ್ಲ.

ಪಿಯುಸಿಗೆ ಶಿಕಾರಿಪುರಕ್ಕೆ ಹೋಗುವಾಗ ಬಸ್ಸು ಶಿರಾಳಕೊಪ್ಪ ದಾಟುತ್ತಿತ್ತು. ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಶಾಸನವಿದೆ. ವೇದ, ವ್ಯಾಕರಣ ಕಲಿಸುತ್ತಿದ್ದ ಆ ಜಾಗದಲ್ಲೇ ದೀನರಿಗೆ, ಕುರುಡರಿಗೆ ಅನ್ನ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಅಂತ ಅದು ಹೇಳುತ್ತೆ. ಓದುವವನ ಕಣ್ಣೆದುರೇ ಹಸಿದವನು ಉಣ್ಣುತ್ತಿದ್ದ. (ಆ ಓದು ನಮ್ಮಮ್ಮನಂಥವರಿಗೆ ಸಿಗುತ್ತಿತ್ತೇ ಅನ್ನೋದನ್ನ ಮರೆತು ಹೊಗಳೋಕಾಗಲ್ಲ.) ನನ್ನ ಲ್ಯಾಪ್‌ಟಾಪಿನ ಕೇಸ್ ಸ್ಟಡಿಯ ರೋಗಿಗೆ ತಲೆ ತಿರುಗಲ್ಲ.

ಹಾಗಂತ ತಪ್ಪನ್ನು ಕೋರ್ಸಿನ ತಲೆಗೆ ಕಟ್ಟೋದು ಸುಲಭ. ಫೋನ್ ಮಾಡಿ "ಏನು ಉಂಡೆ, ಹೇಗಿದೀಯ" ಅಂತ ಕೇಳೋಕೆ ಯಾವ ಕ್ಯಾಂಪಸ್ಸೂ ಬೇಕಿರಲಿಲ್ಲ.

ಡಾಕ್ಟರು ಮಾತ್ರೆಯ ಡೋಸ್ ಬದಲಿಸಿದರು. ಚಾರ್ಟ್ ಡಿಲೀಟ್ ಆಯ್ತು. ಡಿಗ್ರಿ ಬಿಟ್ಟಿಲ್ಲ. ಈಗ ರಾತ್ರಿ ಫೋನಿನಲ್ಲಿ ಅಮ್ಮ ಹೇಳ್ತಾಳೆ, ನಾನು ಬರ್ಕೋತೀನಿ. ಮೊನ್ನೆ ಕೇಳಿದಳು: "ಕಳಲೆ ಪಲ್ಯ ಮಾಡೀನಿ, ನಿನ್ ಪುಸ್ತಕದಾಗೆ ಐತಾ?"

ಇತ್ತು. ಹೈದರಾಬಾದಿನ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ ಕಳಲೆಯೂ ಇದೆ. ಎಷ್ಟು ದಿನ ನೆನೆಸಬೇಕು ಅನ್ನೋದನ್ನ ಅವಳನ್ನೇ ಕೇಳಿದೆ. ಮೂರು ದಿನ, ದಿನಾ ನೀರು ಬದಲಿಸಿ, ಅಂದಳು.