ನೆನಪು ಒಬ್ಬರಲ್ಲೇ ಉಳಿದಾಗ

ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರ ಪತ್ನಿಗೆ ಮರೆವಿನ ಕಾಯಿಲೆ ಬಂದು ಆರು ವರ್ಷವಾಯಿತು. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತಿದ್ದರು. ಆಮೇಲೆ ಮೊಮ್ಮಕ್ಕಳ ಹೆಸರು ಮರೆತರು. ಈಗ ಸಂಜೆಯಾದರೆ ಬುರ್ಖಾ ತೊಟ್ಟು ಬಾಗಿಲ ಬಳಿ ನಿಲ್ಲುತ್ತಾರೆ. "ಉಮ್ಮ ಕಾಯುತ್ತಿದ್ದಾರೆ, ನನ್ನನ್ನು ಮನೆಗೆ ಬಿಟ್ಟು ಬನ್ನಿ" ಎನ್ನುತ್ತಾರೆ. ಆ ಉಮ್ಮ ತೀರಿಕೊಂಡು ಮೂವತ್ತು ವರ್ಷಗಳೇ ಕಳೆದಿವೆ. ಪತಿ ಚಪ್ಪಲಿ ಮೆಟ್ಟಿ, ಆಕೆಯ ಕೈ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹಾಕಿಸಿ ಮನೆಗೇ ಕರೆತರುತ್ತಾರೆ.

ಅವರು ಒಮ್ಮೆ ನನ್ನನ್ನು ಕೇಳಿದರು: "ನಾನು ಯಾರೆಂದೇ ಅವಳಿಗೆ ತಿಳಿಯದು. ಹಾಗಾದರೆ ಈ ಸಂಬಂಧದಲ್ಲಿ ಉಳಿದಿರುವುದೇನು?"

ಇದು ಕೇವಲ ವಯಸ್ಸಾದವರ ಮರೆವಲ್ಲ, ಮೆದುಳಿನ ರೋಗ. ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ರೋಗವನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೀಮರ್ 1906ರಲ್ಲಿ ಮೊದಲು ವಿವರಿಸಿದರು. ಅದು ಸಾಮಾನ್ಯವಾಗಿ ಇತ್ತೀಚಿನ ನೆನಪುಗಳನ್ನು ಮೊದಲು ಅಳಿಸುತ್ತದೆ. ಆದ್ದರಿಂದಲೇ ಗಂಡನ ಮನೆ ಮರೆತುಹೋಗಿ ತವರು ಉಳಿಯುತ್ತದೆ. ಆದರೆ ಹೆಸರು ಮರೆತವರಿಗೂ ಭಯ ತಿಳಿಯುತ್ತದೆ, ಗದರಿದರೆ ನೋವಾಗುತ್ತದೆ, ಮೆಲುದನಿ ಸಮಾಧಾನ ಕೊಡುತ್ತದೆ. ಯಾರ ಕೈಯೆಂದು ತಿಳಿಯದಿದ್ದರೂ ಆ ಕೈ ಹಿಡಿದಾಗ ಆಕೆ ಶಾಂತರಾಗುತ್ತಾರೆ.

ದಾಂಪತ್ಯವು ಕೊಡು-ಕೊಳ್ಳುವಿಕೆಯ ವ್ಯವಹಾರ ಮಾತ್ರವಾಗಿದ್ದರೆ ಅದು ಎಂದೋ ಮುಗಿದಿರುತ್ತಿತ್ತು. ಆದರೆ ಮಾತು ಕೊಟ್ಟದ್ದು ಆಕೆಗೆ, ಆಕೆಯ ನೆನಪಿನ ಶಕ್ತಿಗಲ್ಲ. ಇಬ್ಬರೂ ನೆನಪಿಟ್ಟುಕೊಂಡಿದ್ದ ಮಾತನ್ನು ಈಗ ಒಬ್ಬರೇ ನೆನಪಿಟ್ಟುಕೊಳ್ಳಬೇಕಾಗಿದೆ, ಅಷ್ಟೆ.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಆ ಹಿರಿಯರು ಇನ್ನೊಂದು ಮಾತು ಹೇಳಿದರು: "ಜನ ನನ್ನನ್ನು ಮಹಾತ್ಮನೆನ್ನುತ್ತಾರೆ. ನನ್ನ ತಂಗಿ ಎಂಟು ವರ್ಷ ಗಂಡನಿಗೆ ಇದೇ ಸೇವೆ ಮಾಡಿದಳು. ಅದು ಅವಳ ಕರ್ತವ್ಯ ಎಂದರು, ಅಷ್ಟೇ."

ಈ ಮಾತು ನಮ್ಮೆಲ್ಲರನ್ನೂ ಚುಚ್ಚಬೇಕು. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಜಗತ್ತಿನಲ್ಲಿ ಇಂಥವರ ಆರೈಕೆಗೆ ಸಲ್ಲುವ ಒಟ್ಟು ಸಮಯದಲ್ಲಿ ಶೇ. 70ರಷ್ಟು ಮಹಿಳೆಯರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಡ ಮಾಡಿದರೆ ತ್ಯಾಗ, ಹೆಂಡತಿ ಮಾಡಿದರೆ ಕರ್ತವ್ಯ ಎಂಬುದು ಯಾವ ನ್ಯಾಯ?

ಹೊಗಳಿಕೆಯಲ್ಲೂ ಒಂದು ಮೋಸವಿದೆ. "ಎಂಥ ಸಬರ್ ನಿಮ್ಮದು!" ಎಂದು ಹೇಳಿ ನಾವು ಎದ್ದು ಹೋಗುತ್ತೇವೆ. ರಾತ್ರಿ ನಾಲ್ಕು ಬಾರಿ ಏಳುವವರು, ಒದ್ದೆಯಾದ ಹಾಸಿಗೆ ಬದಲಿಸುವವರು ಅವರೊಬ್ಬರೇ. ಅವರ ಸಹನೆಯನ್ನು ಕೊಂಡಾಡುವುದು ನಮ್ಮ ಪಾಲಿನ ಹೊಣೆಯಿಂದ ಜಾರಿಕೊಳ್ಳುವ ದಾರಿಯಾಗಬಾರದು.

ಹೋಂ ನರ್ಸ್ ಇಟ್ಟರೆ, ಹಗಲಿನ ಆರೈಕೆ ಕೇಂದ್ರಕ್ಕೆ ಕಳುಹಿಸಿದರೆ "ಕೈಬಿಟ್ಟರು" ಎನ್ನುವವರಿದ್ದಾರೆ. ಕೊಟ್ಟ ಮಾತು ಆಕೆಯನ್ನು ಅನಾಥಳಾಗಿಸುವುದಿಲ್ಲ ಎಂದೇ ಹೊರತು, ಎಲ್ಲವನ್ನೂ ತನ್ನೆರಡು ಕೈಗಳಿಂದಲೇ ಮಾಡುತ್ತೇನೆ ಎಂದಲ್ಲ. ನಿದ್ದೆಗೆಟ್ಟು ಬಳಲಿದವರ ಸಿಟ್ಟು ಕೊನೆಗೆ ತಾಗುವುದು ರೋಗಿಗೇ. ಆದ್ದರಿಂದ ಆರೈಕೆ ಮಾಡುವವರ ವಿಶ್ರಾಂತಿ ರೋಗಿಯ ಹಕ್ಕೂ ಹೌದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಆಸ್ಪತ್ರೆಯಿದೆ, ಡಿಮೆನ್ಶಿಯಾ ಆರೈಕೆ ಕೇಂದ್ರಗಳಿವೆ. ಸಣ್ಣ ಊರುಗಳಲ್ಲಿ ನೆರೆಹೊರೆಯವರೇ ಆ ಕೊರತೆ ತುಂಬಬೇಕು.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಒಬ್ಬರು ವಾರಕ್ಕೆ ಎರಡು ಗಂಟೆ ಅಲ್ಲಿ ಕುಳಿತರೆ, ಅವರು ಜುಮಾಕ್ಕೋ ಬ್ಯಾಂಕಿಗೋ ಹೋಗಿ ಬಂದಾರು. ದಾರಿ ತಪ್ಪಿದ ಆಕೆಯನ್ನು ಬೀದಿಯ ಅಂಗಡಿಯವರು, ಆಟೋದವರು ಗುರುತಿಸಿ ಮನೆಗೆ ತಲುಪಿಸಿಯಾರು. ದೂರದ ಊರಿನಲ್ಲಿರುವ ಮಗ ಹಣದ ಜೊತೆಗೆ ತನ್ನ ರಜೆಯ ಹತ್ತು ದಿನಗಳನ್ನೂ ಕೊಡಬಹುದು.

ನಿಮ್ಮ ಬೀದಿಯಲ್ಲೂ ಇಂಥ ಮನೆಯೊಂದು ಇದ್ದೀತು. ಈ ವಾರ ಅದರ ಬಾಗಿಲು ತಟ್ಟಿ. ಹೊಗಳಲಿಕ್ಕಲ್ಲ, "ಸ್ವಲ್ಪ ಹೊತ್ತು ನೀವು ಮಲಗಿ, ನಾನಿರುತ್ತೇನೆ" ಎನ್ನಲಿಕ್ಕೆ.