ನುಡಿಗೆ ನುಡಿಯೇ ಉತ್ತರ



ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಿಜಯಂಗೈದ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಕೆರೆ ದೇಗುಲಗಳ ನಿರ್ಮಾಣದಲ್ಲಿ ನಿರತರಾಗಿದ್ದ ಸಿದ್ಧರಾಮರನ್ನು ಕುರಿತು ಪ್ರಭುಗಳು ಕಟುವಾಗಿ ನುಡಿದರು. ತಮ್ಮ ಗುರುವಿನ ನಿಂದೆಯನ್ನು ಸಹಿಸಲಾರದೆ ಅಲ್ಲಿಯ ಜನರು ಕಲ್ಲುಗಳನ್ನೆತ್ತಿ ಎಸೆದರು. ಸಿದ್ಧರಾಮರೂ ಕೋಪದಿಂದಲೇ ಬಂದರು. ಆದರೆ ಅವರ ಕೋಪವು ಸಂವಾದಕ್ಕೆ ಎಡೆಗೊಟ್ಟಿತು. ಕಡೆಗೆ ಅವರು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಕಲ್ಲಿನಿಂದಾಗದ ಕಾರ್ಯವು ಮಾತಿನಿಂದಾಯಿತು.

ಈ ಪ್ರಸಂಗವನ್ನು ಇಂದು ನೆನೆಯಲು ಕಾರಣವುಂಟು. ಮೊದಲು ಊರ ಚಾವಡಿಯಲ್ಲಿ ಆಡಿದ ಮಾತು ಚಾವಡಿಯಲ್ಲಿಯೇ ಉಳಿಯುತ್ತಿದ್ದಿತು. ಈಗ ಒಬ್ಬನು ಮೊಬೈಲಿನಲ್ಲಿ ಬರೆದ ನಾಲ್ಕು ಸಾಲು ಅಂತರ್ಜಾಲದ ಮೂಲಕ ಕ್ಷಣಾರ್ಧದಲ್ಲಿ ಸಾವಿರಾರು ಮನೆಗಳನ್ನು ಮುಟ್ಟುತ್ತದೆ. ಅದರಲ್ಲಿ ನಮಗೆ ಒಗ್ಗದ ನುಡಿಯೊಂದು ಕಂಡೊಡನೆ, ಬರೆದವನನ್ನು ಸೆರೆಗೆ ಹಾಕಿಸಬೇಕೆಂಬ ಉದ್ವೇಗವು ಅನೇಕರಲ್ಲಿ ಹುಟ್ಟುತ್ತದೆ. ಸೊನ್ನಲಿಗೆಯ ಜನರ ಕೈಯ ಕಲ್ಲಿಗೂ ಇದಕ್ಕೂ ಭೇದವೇನು?

ಕೆಲವು ಕಾಲ ಈ ಉದ್ವೇಗಕ್ಕೆ ಕಾಯಿದೆಯ ಬೆಂಬಲವೂ ಇದ್ದಿತು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ 66ಎ ಎಂಬ ಕಲಮು ಸೇರಿತು. ತೀರ ನೋಯಿಸುವಂಥ ಸಂದೇಶವನ್ನು ಕಳುಹಿದವನಿಗೂ, ಕಿರಿಕಿರಿಯನ್ನುಂಟುಮಾಡಲೆಂದು ಸುಳ್ಳನ್ನು ಪದೇ ಪದೇ ಕಳುಹಿದವನಿಗೂ 3 ವರ್ಷಗಳವರೆಗೆ ಸೆರೆವಾಸವನ್ನು ಅದು ವಿಧಿಸುತ್ತಿದ್ದಿತು. 2012ರ ನವೆಂಬರದಲ್ಲಿ ಬಾಳ ಠಾಕರೆಯವರು ನಿಧನರಾದಾಗ ಮುಂಬಯಿ ನಗರವು ಸ್ತಬ್ಧವಾಯಿತು. ಅದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲಘರದಲ್ಲಿ ಒಬ್ಬ ತರುಣಿಯು ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಮೆಚ್ಚುಗೆಯ ಗುರುತನ್ನೊತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು.

ಆಗ ಶ್ರೇಯಾ ಸಿಂಘಲ್ ಎಂಬ ಯುವತಿಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ ಮತ್ತು ನರಿಮನ್ ಅವರು ಆ ಕಲಮನ್ನು ಸಂಪೂರ್ಣವಾಗಿ ರದ್ದುಗೊಳಿಸಿದರು. ಒಬ್ಬನಿಗೆ ಕಿರಿಕಿರಿಯಾದುದು ಇನ್ನೊಬ್ಬನಿಗೆ ಹಾಗಾಗಲಿಕ್ಕಿಲ್ಲ; ಇಂಥ ಅಸ್ಪಷ್ಟ ಪದಗಳಿಂದ ಅಪರಾಧವನ್ನು ಅಳೆಯಲಾಗದು. ಸಂವಿಧಾನದ 19ನೆಯ ವಿಧಿಯು ವಾಕ್ಸ್ವಾತಂತ್ರ್ಯವನ್ನು ಕೊಟ್ಟು, ಅದನ್ನು ನಿರ್ಬಂಧಿಸಬಹುದಾದ ಕಾರಣಗಳನ್ನೂ ಎಣಿಸಿ ಹೇಳಿದೆ. ಕೇಳಿದವನ ಬೇಸರವು ಅವುಗಳಲ್ಲಿ ಸೇರಿಲ್ಲ. ಚರ್ಚೆ ಬೇರೆ, ಒಂದು ಮತದ ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮಾತು ಪ್ರಚೋದನೆಯ ಮಟ್ಟವನ್ನು ಮುಟ್ಟಿದಾಗಲೇ ಕಾಯಿದೆಯು ಕೈಯಿಡಬೇಕೆಂಬುದು ಆ ತೀರ್ಪಿನ ಸಾರ.

ಆಶ್ಚರ್ಯವೆಂದರೆ, ರದ್ದಾದ ಬಳಿಕವೂ ಅದೇ ಕಲಮಿನ ಕೆಳಗೆ ಮೊಕದ್ದಮೆಗಳು ದಾಖಲಾಗುತ್ತಲೇ ಇದ್ದವು. 2022ರ ಅಕ್ಟೋಬರದಲ್ಲಿ ನ್ಯಾಯಾಲಯವು ಅದನ್ನು ನಿಲ್ಲಿಸುವಂತೆ ಮತ್ತೆ ಆಜ್ಞಾಪಿಸಬೇಕಾಯಿತು. ಪುಸ್ತಕದೊಳಗಿನ ಕಲಮನ್ನು ನ್ಯಾಯಾಧೀಶರು ಅಳಿಸಬಲ್ಲರು. ಮನದೊಳಗಿನ ಅಸಹನೆಯನ್ನು ನಾವೇ ಅಳಿಸಿಕೊಳ್ಳಬೇಕು.

ಹಾಗಾದರೆ ಬಾಯಿಗೆ ಬಂದುದನ್ನೆಲ್ಲ ಬರೆಯಬಹುದೇ ಎಂದು ಕೇಳಬಹುದು. ಹಾಗಲ್ಲ. ಮಾನಹಾನಿ, ಬೆದರಿಕೆ, ಹಿಂಸೆಗೆ ಪ್ರಚೋದನೆ, ದ್ವೇಷಬುದ್ಧಿಯಿಂದ ಉದ್ದೇಶಪೂರ್ವಕವಾಗಿ ಮತಭಾವನೆಯನ್ನು ಕೆರಳಿಸುವುದು, ಇವು ಇಂದಿಗೂ ಅಪರಾಧಗಳೇ. ಅದಕ್ಕೂ ಮಿಗಿಲಾಗಿ, ನುಡಿಯನ್ನು ಶಿವನಿಗೆ ಅರ್ಪಿಸುವ ಭಕ್ತನಿಗೆ ಕಾಯಿದೆಗಿಂತ ಕಠಿನವಾದ ಕಟ್ಟಳೆಯುಂಟು. ಆದರೆ ಆ ಕಟ್ಟಳೆಯು ತನ್ನ ನಾಲಗೆಗೆ. ನೆರೆಯವನ ನಾಲಗೆಗೆ ಹಾಕುವ ಬೀಗವಲ್ಲ.

ಆದುದರಿಂದ ಗೃಹಸ್ಥರು ತಮ್ಮ ಮಕ್ಕಳಿಗೆ ಇಷ್ಟನ್ನು ಕಲಿಸಲಿ. ನಮ್ಮ ಗುರುವನ್ನೋ ಆಚಾರವನ್ನೋ ಯಾರಾದರೂ ಹಳಿದು ಬರೆದರೆ, ಮೊದಲು ಅದರಲ್ಲಿ ಸತ್ಯವುಂಟೇ ಎಂದು ನೋಡಬೇಕು. ಉಂಟಾದರೆ ತಿದ್ದಿಕೊಳ್ಳತಕ್ಕದ್ದು, ಇಲ್ಲವಾದರೆ ಆಧಾರಸಹಿತವಾಗಿ ಉತ್ತರಿಸತಕ್ಕದ್ದು, ಬರಿಯ ಬೈಗುಳವಾದರೆ ಮೌನವಾಗಿರತಕ್ಕದ್ದು. ಕೊಲೆ ಹೊಡೆತಗಳ ಮಾತು ಬಂದಾಗ ಪೊಲೀಸರಲ್ಲಿಗೆ ಹೋಗಲು ಸಂಕೋಚ ಬೇಡ. ನೋವು ಬೇರೆ, ಅಪಾಯ ಬೇರೆ.

ಇದು ಪರರಿಗಾಗಿ ಮಾಡುವ ಉಪಕಾರವೆಂದು ತಿಳಿಯಬೇಡಿ. ಹನ್ನೆರಡನೆಯ ಶತಮಾನದಲ್ಲಿ ಶರಣರ ನುಡಿಯು ಬಹುಜನ ಪ್ರತಿಷ್ಠಿತರಿಗೆ ಕಿರಿಕಿರಿಯಾಗಿಯೇ ಕೇಳಿಸಿತು. ಕಿರಿಕಿರಿಯೇ ಅಪರಾಧವಾಗುವುದಾದರೆ ಆ ಶರಣರಲ್ಲಿ ಸೆರೆಯ ಹೊರಗೆ ಉಳಿಯುವವರು ಯಾರು? ಅವರ ನುಡಿಯನ್ನು ದಿನವೂ ಪಠಿಸುವ ನಾವು, ನಮಗೆ ಅಪ್ರಿಯವಾದ ನುಡಿಗೂ ಎಡೆಯನ್ನು ಬಿಡಬೇಕು. ಅಂಥ ಸೈರಣೆಯನ್ನು ಪರಶಿವನು ನಮ್ಮೆಲ್ಲರಿಗೆ ಕರುಣಿಸಲಿ.